ಪ್ಯಾಕೇಜ್ ನಿರ್ವಹಣೆಗೆ ಹಣ ಕೊಡಬೇಕೆ? ಕುಶಾಲನಗರದ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ಮತ್ತು ನನ್ನ ಭಾವ ಸೇರಿ ಕುಶಾಲನಗರದಲ್ಲಿ ಆರು ವರ್ಷಗಳಿಂದ ಹನ್ನೊಂದು ಜನರ ಸಾಫ್ಟ್‌ವೇರ್ ಸಂಸ್ಥೆ ನಡೆಸುತ್ತಿದ್ದೇವೆ. ಕಾಫಿ ವ್ಯಾಪಾರಿಗಳಿಗೆ ಖರೀದಿ ಮತ್ತು ಔಟ್‌ಟರ್ನ್ (ತಂದ ಕಾಫಿಯಿಂದ ಎಷ್ಟು ಬೇಳೆ ಸಿಗುತ್ತದೆ ಎಂಬ) ಲೆಕ್ಕದ ತಂತ್ರಾಂಶ, ಕಾಫಿ ಸಂಸ್ಕರಿಸುವ ಎರಡು ಕ್ಯೂರಿಂಗ್ ವರ್ಕ್ಸ್‌ಗಳಿಗೆ ದಾಸ್ತಾನಿನ ತಂತ್ರಾಂಶ, ಕೆಲವು ಹೋಂಸ್ಟೇಗಳಿಗೆ ಬುಕಿಂಗ್ ವ್ಯವಸ್ಥೆ ಮಾಡಿಕೊಟ್ಟಿದ್ದೇವೆ. ಕೋಡ್ ಬರೆಯುವವರು ಏಳು ಮಂದಿ. ಬೇಕಾದ ಪ್ಯಾಕೇಜ್‌ಗಳನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು, ಎನ್‌ಪಿಎಂ ಮತ್ತು ಪೈಪಿಐ ಎಂಬ ಸಾರ್ವಜನಿಕ ಭಂಡಾರಗಳಿಂದ ಉಚಿತವಾಗಿ ಇಳಿಸಿಕೊಳ್ಳುತ್ತೇವೆ. ಈಚೆಗೆ ಒಂದು ಕಂಪನಿಯ ಪ್ರತಿನಿಧಿ ಬಂದು, ಕ್ಲೌಡ್‌ನಲ್ಲಿ ನಡೆಯುವ ಪ್ಯಾಕೇಜ್ ನಿರ್ವಹಣಾ ಸೇವೆಗೆ ಏಳು ಮಂದಿಯ ಲೆಕ್ಕದಲ್ಲಿ ವರ್ಷಕ್ಕೆ 4.2 ಲಕ್ಷ ರೂಪಾಯಿ, ತೆರಿಗೆ ಬೇರೆ, ಎಂದು ಹೇಳಿಹೋಗಿದ್ದಾರೆ. "ಉಚಿತ ಪ್ಯಾಕೇಜ್ ನಂಬಿದರೆ ಒಂದು ದಿನ ಮುಳುಗುತ್ತೀರಿ" ಎನ್ನುವುದು ಅವರ ಮಾತು. ಆರು ವರ್ಷದಿಂದ ಏನೂ ಆಗಿಲ್ಲ, ಸುಮ್ಮನೆ ಏಕೆ ಖರ್ಚು ಎನ್ನುವುದು ಭಾವನ ಮಾತು. ಕಳೆದ ಜುಲೈ ಮಳೆಯಲ್ಲಿ ಎರಡು ದಿನ ಇಂಟರ್ನೆಟ್ ಇಲ್ಲದೆ ನಮ್ಮ ಬಿಲ್ಡ್ (ಕೋಡ್‌ನಿಂದ ತಂತ್ರಾಂಶವನ್ನು ಸಿದ್ಧಪಡಿಸುವ ಕೆಲಸ) ನಿಂತುಹೋಗಿತ್ತು. ಅಲ್ಲದೆ ನಮ್ಮ ಗ್ರಾಹಕರಾದ ರಫ್ತುದಾರರೊಬ್ಬರು, ತಂತ್ರಾಂಶದೊಳಗೆ ಯಾವ ಯಾವ ಪ್ಯಾಕೇಜ್‌ಗಳಿವೆ ಎಂಬ ಪಟ್ಟಿ ಕೊಡಿ ಎಂದು ಕೇಳಿದ್ದಾರೆ. ನಾವು ಏನು ಮಾಡಬೇಕು?

ಉತ್ತರ: ತಮ್ಮ ಪತ್ರದಲ್ಲಿರುವುದು ಒಂದೇ ಪ್ರಶ್ನೆಯಂತೆ ಕಂಡರೂ ಅದರೊಳಗೆ ಮೂರು ಪ್ರಶ್ನೆಗಳು ಸೇರಿಕೊಂಡಿವೆ. ಬೇಕಾದ ಹೊತ್ತಿಗೆ ಪ್ಯಾಕೇಜ್ ಕೈಗೆ ಸಿಗುತ್ತದೆಯೇ ಎನ್ನುವುದು ಮೊದಲನೆಯದು. ಜುಲೈ ತಿಂಗಳ ತೊಂದರೆ ಈ ಬಗೆಯದು. ಸಿಕ್ಕಿದ ಪ್ಯಾಕೇಜ್ ಅಸಲಿಯೇ, ಅದರಲ್ಲಿ ಯಾರಾದರೂ ಕೆಟ್ಟದ್ದನ್ನು ಸೇರಿಸಿದ್ದಾರೆಯೇ ಎನ್ನುವುದು ಎರಡನೆಯದು. ಪ್ರತಿನಿಧಿಯವರು ತಮ್ಮಲ್ಲಿ ಹುಟ್ಟಿಸಿದ ಭಯ ಇದಕ್ಕೆ ಸೇರಿದ್ದು. ಗ್ರಾಹಕರು ಕೇಳಿದಾಗ ನಮ್ಮ ತಂತ್ರಾಂಶದಲ್ಲಿ ಇಂಥದ್ದು ಇದೆ, ಇಂಥದ್ದು ಇಲ್ಲ ಎಂದು ದಾಖಲೆಸಮೇತ ಹೇಳಬಲ್ಲೆವೇ ಎನ್ನುವುದು ಮೂರನೆಯದು. ಪ್ರತಿನಿಧಿಯವರು ಮೂರಕ್ಕೂ ಒಂದೇ ಬೆಲೆ ಹೇಳಿದ್ದಾರೆ. ಭಾವನವರು ಮೂರಕ್ಕೂ ಒಂದೇ ಉತ್ತರ ಕೊಟ್ಟಿದ್ದಾರೆ. ಈ ಮೂರನ್ನೂ ಬಿಡಿಸಿ ಬೇರೆ ಬೇರೆಯಾಗಿ ನೋಡದೆ ತಮ್ಮ 4.2 ಲಕ್ಷ ಎಲ್ಲಿಗೆ ಹೋಗುತ್ತದೆ ಎನ್ನುವುದು ತಿಳಿಯುವುದಿಲ್ಲ.

ಉಚಿತವಾದದ್ದು ಅಪಾಯ, ಹಣ ಕೊಟ್ಟದ್ದು ಸುರಕ್ಷಿತ ಎನ್ನುವ ನಂಬಿಕೆಯನ್ನು ಮೊದಲು ಪರಿಶೀಲಿಸೋಣ. 2020ರ ಡಿಸೆಂಬರ್‌ನಲ್ಲಿ ಬೆಳಕಿಗೆ ಬಂದ ಸೋಲಾರ್‌ವಿಂಡ್ಸ್ ಪ್ರಕರಣದಲ್ಲಿ ದಾಳಿಕೋರರು ಹೊಕ್ಕದ್ದು ದೊಡ್ಡ ಸಂಸ್ಥೆಗಳು ದುಬಾರಿ ಬೆಲೆಗೆ ಕೊಂಡಿದ್ದ ತಂತ್ರಾಂಶದ ಒಳಗೆ. ಕಂಪನಿಯದೇ ಡಿಜಿಟಲ್ ಸಹಿ ಹೊತ್ತ ಅಪ್‌ಡೇಟ್‌ನ ಮೂಲಕ ಆ ಕೆಟ್ಟ ಕೋಡ್ ಸುಮಾರು 18,000 ಗ್ರಾಹಕರವರೆಗೆ ತಲುಪಿತ್ತು. 2024ರ ಮಾರ್ಚ್‌ನಲ್ಲಿ ಪತ್ತೆಯಾದ ಎಕ್ಸ್‌ಝಡ್ ಪ್ರಕರಣ ಫೈಲ್‌ಗಳನ್ನು ಕುಗ್ಗಿಸುವ ಉಚಿತ ತಂತ್ರಾಂಶದ್ದು. ವರ್ಷಗಟ್ಟಲೆ ಸಹಾಯ ಮಾಡುತ್ತಾ ವಿಶ್ವಾಸ ಗಳಿಸಿದ ವ್ಯಕ್ತಿಯೇ ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಗುಪ್ತ ದಾರಿಯನ್ನು ಇಟ್ಟಿದ್ದ. ಮೈಕ್ರೋಸಾಫ್ಟ್‌ನ ಎಂಜಿನಿಯರ್ ಆಂಡ್ರೆಸ್ ಫ್ರೊಯಿಂಡ್ ಅವರು, ಸರ್ವರ್‌ಗೆ ಲಾಗಿನ್ ಆಗಲು ಮಾಮೂಲಿಗಿಂತ ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿ ಅದನ್ನು ಹೊರಗೆಳೆದರು. ಕೋಡ್ ಎಲ್ಲರ ಕಣ್ಣಿಗೂ ಕಾಣುವಂತೆ ತೆರೆದಿದ್ದರಿಂದಲೇ ಒಬ್ಬರು ಅಷ್ಟು ಆಳಕ್ಕೆ ಹೋಗಿ ನೋಡಲು ಸಾಧ್ಯವಾಯಿತು. ಆದ್ದರಿಂದ ಬೆಲೆಯನ್ನು ನೋಡಿ ಸುರಕ್ಷತೆಯನ್ನು ಅಳೆಯುವುದು ಸಾಧ್ಯವಿಲ್ಲ.

ಭಾವನವರ ವಾದವೂ ಅರ್ಧ ಮಾತ್ರ ನಿಜ. ಆರು ವರ್ಷ ಏನೂ ಆಗಿಲ್ಲ ಎನ್ನುವುದಕ್ಕೂ ಆರು ವರ್ಷ ಏನೂ ಗೊತ್ತಾಗಿಲ್ಲ ಎನ್ನುವುದಕ್ಕೂ ಇರುವ ಅಂತರವನ್ನು ನಾನು 2021ರ ಡಿಸೆಂಬರ್‌ನಲ್ಲಿ ಕಣ್ಣಾರೆ ಕಂಡೆ. ಜಾವಾದಲ್ಲಿ ಬರೆದ ಲೆಕ್ಕವಿಲ್ಲದಷ್ಟು ತಂತ್ರಾಂಶಗಳೊಳಗೆ ಇದ್ದ ಲಾಗ್‌ಫೋರ್‌ಜೆ ಎಂಬ ಸಣ್ಣ ಪ್ಯಾಕೇಜ್‌ನಲ್ಲಿ ದೋಷವೊಂದು ಪ್ರಕಟವಾಯಿತು. ತೀವ್ರತೆಯ ಅಳತೆಯಲ್ಲಿ ಅದಕ್ಕೆ ಹತ್ತಕ್ಕೆ ಹತ್ತು ಅಂಕ. ಆಗ ನಾನು ಸಲಹೆ ನೀಡುತ್ತಿದ್ದ ಎರಡು ಸಂಸ್ಥೆಗಳಲ್ಲಿ ಒಂದರ ಬಳಿ ತಮ್ಮ ತಂತ್ರಾಂಶಗಳಲ್ಲಿರುವ ಪ್ಯಾಕೇಜ್‌ಗಳ ಪಟ್ಟಿ ಆವೃತ್ತಿಸಮೇತ ಸಿದ್ಧವಿತ್ತು. ಅವರು ಮಧ್ಯಾಹ್ನದೊಳಗೆ ಎಲ್ಲೆಲ್ಲಿ ಇದೆ ಎಂದು ಗುರುತಿಸಿ ಮರುದಿನ ಬದಲಿಸಿ ಮುಗಿಸಿದರು. ಇನ್ನೊಂದು ಸಂಸ್ಥೆಯವರು ಒಂದೊಂದೇ ಸರ್ವರ್ ತೆರೆದು ಹುಡುಕುತ್ತಾ ಮೂರು ವಾರ ಕಳೆದರು. ಮುಗಿದ ಮೇಲೂ ಎಲ್ಲವನ್ನೂ ನೋಡಿದ್ದೇವೆ ಎಂದು ಎದೆತಟ್ಟಿ ಹೇಳುವ ಧೈರ್ಯ ಅವರಿಗೆ ಇರಲಿಲ್ಲ. ಮೊದಲ ಸಂಸ್ಥೆ ಆ ಪಟ್ಟಿಗೆ ಒಂದು ರೂಪಾಯಿಯನ್ನೂ ಕೊಟ್ಟಿರಲಿಲ್ಲ. ಎರಡನೆಯ ಸಂಸ್ಥೆ ದುಬಾರಿ ಸೇವೆಯೊಂದಕ್ಕೆ ವರ್ಷವರ್ಷವೂ ಹಣ ಕಟ್ಟುತ್ತಿತ್ತು. ಆದರೆ ಅದನ್ನು ಯಾರೂ ತೆರೆದು ನೋಡಿರಲಿಲ್ಲ.

ಕಾಫಿಯ ನಡುವೆ ಇರುವ ತಮಗೆ ಇದು ಹೊಸ ವಿಷಯವಲ್ಲ. ಕ್ಯೂರಿಂಗ್ ವರ್ಕ್ಸ್‌ಗೆ ಹತ್ತಾರು ತೋಟಗಳಿಂದ ಬಂದ ಪಾರ್ಚ್‌ಮೆಂಟ್ ಮತ್ತು ಚೆರಿಗಳಿಗೆ ಲಾಟ್ ನಂಬರ್ ಇರುತ್ತದೆ. ಹೋದ ಚೀಲಗಳಲ್ಲಿ ಒಂದು ಬೂಷ್ಟು ಹಿಡಿದಿದೆ ಎಂದು ಖರೀದಿದಾರರಿಂದ ದೂರು ಬಂದರೆ, ರಿಜಿಸ್ಟರ್ ಇರುವವರು ಆ ಲಾಟ್ ಯಾವ ತೋಟದ್ದು, ಅದರ ಉಳಿದ ಚೀಲಗಳು ಎಲ್ಲಿವೆ ಎಂದು ಅರ್ಧ ಗಂಟೆಯಲ್ಲಿ ಹೇಳುತ್ತಾರೆ. ರಿಜಿಸ್ಟರ್ ಇಲ್ಲದವರು ಗೋದಾಮನ್ನೆಲ್ಲ ಸುರಿದು ನೋಡಬೇಕಾಗುತ್ತದೆ. ತಮ್ಮ ರಫ್ತುದಾರ ಗ್ರಾಹಕರು ಕೇಳುತ್ತಿರುವುದು ತಂತ್ರಾಂಶದ ಲಾಟ್ ರಿಜಿಸ್ಟರನ್ನು. ಇದಕ್ಕೆ ಎಸ್‌ಬಾಮ್, ಅಂದರೆ ತಂತ್ರಾಂಶದ ಬಿಡಿಭಾಗಗಳ ಪಟ್ಟಿ, ಎನ್ನುತ್ತಾರೆ. ಸೈಬರ್ ಸುರಕ್ಷತೆಯನ್ನು ನೋಡಿಕೊಳ್ಳುವ ನಮ್ಮ ದೇಶದ ಸರ್ಟ್-ಇನ್ ಸಂಸ್ಥೆಯೂ 2024ರ ಅಕ್ಟೋಬರ್‌ನಲ್ಲಿ ಇದರ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಸಿಫ್ಟ್ ಎಂಬ ಉಚಿತ ಸಲಕರಣೆಯನ್ನು ತಮ್ಮ ಪ್ರಾಜೆಕ್ಟ್‌ನ ಮೇಲೆ ಓಡಿಸಿದರೆ ಸೈಕ್ಲೋನ್‌ಡಿಎಕ್ಸ್ ಅಥವಾ ಎಸ್‌ಪಿಡಿಎಕ್ಸ್ ಮಾದರಿಯ ಪಟ್ಟಿ ಕೆಲವೇ ನಿಮಿಷಗಳಲ್ಲಿ ಸಿಗುತ್ತದೆ. ಆ ಪಟ್ಟಿಯನ್ನು ಗೂಗಲ್ ಬಿಡುಗಡೆ ಮಾಡಿರುವ ಒಎಸ್‌ವಿ-ಸ್ಕ್ಯಾನರ್‌ಗೆ ಕೊಟ್ಟರೆ, ಗೊತ್ತಿರುವ ದೋಷಗಳು ಯಾವ ಪ್ಯಾಕೇಜ್‌ನಲ್ಲಿವೆ ಎಂದು ತೋರಿಸುತ್ತದೆ. ಮೂರನೆಯ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಇಲ್ಲೇ ಸಿಕ್ಕಿತು. ರಫ್ತುದಾರರಿಗೆ ಈ ವಾರವೇ ಪಟ್ಟಿ ಕಳುಹಿಸಬಹುದು.

ಎರಡನೆಯ ಪ್ರಶ್ನೆ, ಅಂದರೆ ಬಂದ ಪ್ಯಾಕೇಜನ್ನು ನಂಬುವುದು, ಇವುಗಳಲ್ಲಿ ಹೆಚ್ಚು ಕಠಿಣವಾದದ್ದು. ತಮ್ಮ ಹುಡುಗರು ನೇರವಾಗಿ ಸೇರಿಸಿಕೊಂಡದ್ದು ಮೂವತ್ತು ಪ್ಯಾಕೇಜ್ ಇರಬಹುದು. ಆ ಮೂವತ್ತೂ ತಮಗೆ ಬೇಕಾದ ಬೇರೆ ಪ್ಯಾಕೇಜ್‌ಗಳನ್ನು ಕರೆತರುತ್ತವೆ, ಅವು ಇನ್ನಷ್ಟನ್ನು ತರುತ್ತವೆ, ಕೊನೆಗೆ ನೋಡಿದರೆ ಸಂಖ್ಯೆ ಸಾವಿರ ಮುಟ್ಟಿರುತ್ತದೆ. ಇವುಗಳಲ್ಲಿ ಎಷ್ಟೋ ಪ್ಯಾಕೇಜ್‌ಗಳನ್ನು ನೋಡಿಕೊಳ್ಳುವವರು ಸಂಬಳವಿಲ್ಲದೆ ಬಿಡುವಿನ ವೇಳೆಯಲ್ಲಿ ದುಡಿಯುವ ಒಬ್ಬಿಬ್ಬರು. 2016ರ ಮಾರ್ಚ್‌ನಲ್ಲಿ, ಹೆಸರಿನ ವಿಷಯಕ್ಕೆ ಮನಸ್ತಾಪವಾಗಿ ಲೇಖಕರೊಬ್ಬರು ಎನ್‌ಪಿಎಂನಿಂದ ತಮ್ಮ ಪ್ಯಾಕೇಜ್‌ಗಳನ್ನೆಲ್ಲ ತೆಗೆದುಬಿಟ್ಟಾಗ, ಅವುಗಳಲ್ಲಿದ್ದ ಲೆಫ್ಟ್-ಪ್ಯಾಡ್ ಎಂಬ ಕೇವಲ 11 ಸಾಲಿನ ಕೋಡ್ ಇಲ್ಲದೆ ಜಗತ್ತಿನಾದ್ಯಂತ ಬಿಲ್ಡ್‌ಗಳು ನಿಂತವು. ಕೆಲವೇ ಗಂಟೆಗಳಲ್ಲಿ ಅದನ್ನು ಮರಳಿ ಹಾಕಲಾಯಿತು, ಹೀಗೆ ತೆಗೆಯುವುದಕ್ಕೆ ನಿರ್ಬಂಧವೂ ಬಂತು. ಆದರೆ ಎಷ್ಟು ದೊಡ್ಡ ಕಟ್ಟಡ ಎಷ್ಟು ಸಣ್ಣ ಕಲ್ಲಿನ ಮೇಲೆ ನಿಂತಿದೆ ಎನ್ನುವುದು ಅಂದು ಎಲ್ಲರಿಗೂ ಕಾಣಿಸಿತು.

ಹತ್ತಿರದ ಉದಾಹರಣೆಯೆಂದರೆ 2025ರ ಸೆಪ್ಟೆಂಬರ್‌ನದು. ಚಾಕ್, ಡಿಬಗ್ ಮುಂತಾದ ಜನಪ್ರಿಯ ಪ್ಯಾಕೇಜ್‌ಗಳನ್ನು ನೋಡಿಕೊಳ್ಳುತ್ತಿದ್ದ ಒಬ್ಬರಿಗೆ ಎನ್‌ಪಿಎಂನಿಂದಲೇ ಬಂದಂತೆ ಕಾಣುವ ಸುಳ್ಳು ಇ-ಮೇಲ್ ಬಂತು. ಅವರ ಖಾತೆ ಕೈತಪ್ಪಿತು. ಒಟ್ಟಾರೆ ವಾರಕ್ಕೆ 200 ಕೋಟಿಗೂ ಹೆಚ್ಚು ಬಾರಿ ಇಳಿಸಿಕೊಳ್ಳಲಾಗುವ ಪ್ಯಾಕೇಜ್‌ಗಳಿಗೆ ಕ್ರಿಪ್ಟೋ ಹಣವನ್ನು ಕದಿಯುವ ಕೋಡ್ ಸೇರಿತು. ಸುಮಾರು ಎರಡು ಗಂಟೆಯಲ್ಲಿ ಅದು ಪತ್ತೆಯಾಗಿ, ಕೆಟ್ಟ ಆವೃತ್ತಿಗಳನ್ನು ತೆಗೆಯುವ ಕೆಲಸ ಶುರುವಾಯಿತು. ಇಲ್ಲಿ ಗಮನಿಸಬೇಕಾದ ವಿಷಯವೆಂದರೆ, ಆ ಹೊತ್ತಿನಲ್ಲಿ ಹೊಸ ಆವೃತ್ತಿಯನ್ನು ಎಳೆದುಕೊಂಡವರಿಗೆ ಮಾತ್ರ ತೊಂದರೆ. ಒಂದು ವಾರ ಕಾದು ತೆಗೆದುಕೊಳ್ಳುವ ಅಭ್ಯಾಸವಿದ್ದವರಿಗೆ ಏನೂ ಆಗಲಿಲ್ಲ. ಎನ್‌ಪಿಎಂನಲ್ಲಿ ಪ್ಯಾಕೇಜ್ ಸೇರಿಸಿದಾಗ ಆವೃತ್ತಿ ಸಂಖ್ಯೆಯ ಮುಂದೆ ತಾನಾಗಿಯೇ ಒಂದು ಕ್ಯಾರೆಟ್ (^) ಚಿಹ್ನೆ ಬೀಳುತ್ತದೆ. ಇದೇ ಸಾಲಿನ ಹೊಸ ಆವೃತ್ತಿ ಬಂದರೆ ಅದನ್ನೂ ತೆಗೆದುಕೋ ಎಂಬ ಅನುಮತಿ ಅದು. ಹೆಚ್ಚಿನವರಿಗೆ ತಾವು ಆ ಅನುಮತಿ ಕೊಟ್ಟಿದ್ದೇವೆ ಎನ್ನುವುದೇ ಗೊತ್ತಿರುವುದಿಲ್ಲ. ಪ್ರತಿ ಪ್ಯಾಕೇಜ್‌ನ ನಿಖರ ಆವೃತ್ತಿಯನ್ನು ಬರೆದಿಡುವ ಲಾಕ್ ಫೈಲನ್ನು ಕೋಡ್ ಜೊತೆಗೇ ಇಟ್ಟು, ಬಿಲ್ಡ್ ಮಾಡುವ ಯಂತ್ರದಲ್ಲಿ 'ಎನ್‌ಪಿಎಂ ಇನ್‌ಸ್ಟಾಲ್' ಬದಲು 'ಎನ್‌ಪಿಎಂ ಸಿಐ' ಬಳಸಿದರೆ ಅದರಲ್ಲಿ ಬರೆದಿರುವ ಆವೃತ್ತಿಯೇ ಬರುತ್ತದೆ, ಬೇರೆ ಬರುವುದಿಲ್ಲ. ಪ್ಯಾಕೇಜ್ ಇಳಿಸಲು ಎನ್‌ಪಿಎಂ ಸಲಕರಣೆಯ ಬದಲು ಪಿಎನ್‌ಪಿಎಂ ಬಳಸುವವರಿಗೆ, ಇಷ್ಟು ಸಮಯ ಹಳೆಯದಾಗುವವರೆಗೆ ಹೊಸ ಆವೃತ್ತಿ ಬೇಡ ಎಂದು ಹೇಳುವ ಸೌಲಭ್ಯ ಅದೇ ತಿಂಗಳು ಬಂದಿದೆ. ಇನ್‌ಸ್ಟಾಲ್ ಆಗುವಾಗ ತಾನಾಗಿ ಓಡುವ ಸ್ಕ್ರಿಪ್ಟ್‌ಗಳನ್ನು ನಿಲ್ಲಿಸಿಡುವುದೂ ಒಂದು ಸಾಲಿನ ಕೆಲಸ, ಯಾವುದಾದರೂ ಪ್ಯಾಕೇಜ್‌ಗೆ ಅದು ನಿಜವಾಗಿ ಬೇಕಿದ್ದರೆ ಅದೊಂದಕ್ಕೆ ಬಿಡಬಹುದು. ಇವು ಯಾವುದಕ್ಕೂ ಹಣ ಬೇಡ.

ಇನ್ನೊಂದು ದಾರಿಯಿಂದಲೂ ಅಪಾಯ ಬರುತ್ತದೆ. ತಮ್ಮ ಸಂಸ್ಥೆಯೊಳಗೆ ಮಾತ್ರ ಬಳಸುವ ಪ್ಯಾಕೇಜ್‌ಗೆ ಒಂದು ಹೆಸರಿದೆ ಎನ್ನೋಣ. ಅದೇ ಹೆಸರಿನಲ್ಲಿ ಹೊರಗಿನವರೊಬ್ಬರು ಹೆಚ್ಚಿನ ಆವೃತ್ತಿ ಸಂಖ್ಯೆಯ ಪ್ಯಾಕೇಜನ್ನು ಸಾರ್ವಜನಿಕ ಭಂಡಾರದಲ್ಲಿ ಹಾಕಿದರೆ, ಸರಿಯಾಗಿ ಹೊಂದಿಸದ ಬಿಲ್ಡ್ ಯಂತ್ರ ಹೊರಗಿನದನ್ನೇ ತರುತ್ತದೆ. ಸಂಶೋಧಕ ಅಲೆಕ್ಸ್ ಬಿರ್ಸಾನ್ ಅವರು 2021ರ ಫೆಬ್ರವರಿಯಲ್ಲಿ ಇದನ್ನು ಪ್ರಕಟಿಸಿದಾಗ, ಆ್ಯಪಲ್, ಮೈಕ್ರೋಸಾಫ್ಟ್, ಪೇಪಾಲ್ ಸೇರಿ 35ಕ್ಕೂ ಹೆಚ್ಚು ಸಂಸ್ಥೆಗಳ ಒಳಗೆ ಅವರ ಪರೀಕ್ಷಾ ಕೋಡ್ ಓಡಿತ್ತು. ಏಳು ಮಂದಿ ಕೋಡ್ ಬರೆಯುವ ಸಂಸ್ಥೆಯಲ್ಲೂ ಔಟ್‌ಟರ್ನ್ ಲೆಕ್ಕಕ್ಕೆಂದು ಬರೆದ ಸ್ವಂತ ಪ್ಯಾಕೇಜ್ ಇದ್ದೇ ಇರುತ್ತದೆ. ಎನ್‌ಪಿಎಂನಲ್ಲಿ ಸಂಸ್ಥೆಯ ಹೆಸರಿನ ಸ್ಕೋಪ್ (ಪ್ಯಾಕೇಜ್ ಹೆಸರಿನ ಮುಂದೆ ಬರುವ ಸಂಸ್ಥೆಯ ಗುರುತು) ಕಾಯ್ದಿರಿಸಿಕೊಂಡು, ಸ್ವಂತ ಪ್ಯಾಕೇಜ್‌ಗಳನ್ನೆಲ್ಲ ಅದರ ಕೆಳಗೆ ತರುವುದು ಇದಕ್ಕೆ ತಕ್ಕ ರಕ್ಷಣೆ.

ಈಗ ಜುಲೈ ತಿಂಗಳಿಗೆ ಬರೋಣ. ಈ ಭಾಗವನ್ನು ತಾವು ಪ್ರತಿನಿಧಿಯವರ ಜೊತೆ ಮಾತನಾಡಿದಂತೆ ಪತ್ರದಲ್ಲಿ ಕಾಣಲಿಲ್ಲ. ಅವರು ಮಾರುತ್ತಿರುವುದು ಕ್ಲೌಡ್‌ನಲ್ಲಿರುವ ಸೇವೆ. ಸಂಪಾಜೆ ಘಾಟಿಯಲ್ಲಿ ಗುಡ್ಡ ಕುಸಿದು ಕೇಬಲ್ ತುಂಡಾದರೆ ಅಥವಾ ಮರ ಬಿದ್ದು ವಿದ್ಯುತ್ ಹೋಗಿ ಟವರ್ ನಿಂತರೆ, ಎನ್‌ಪಿಎಂ ಹೇಗೆ ಕೈಗೆ ಸಿಗುವುದಿಲ್ಲವೋ ಆ ಸೇವೆಯೂ ಹಾಗೆಯೇ ಸಿಗುವುದಿಲ್ಲ. 2018ರ ಆಗಸ್ಟ್ ಕಂಡ ಕೊಡಗಿನವರಿಗೆ ಇದನ್ನು ವಿವರಿಸಬೇಕಿಲ್ಲ. ಅಂದರೆ ತಮ್ಮ ಮೂರು ಪ್ರಶ್ನೆಗಳಲ್ಲಿ ಈಗಾಗಲೇ ನಿಜವಾಗಿ ನಷ್ಟ ಮಾಡಿದ್ದು ಯಾವುದೋ, ಅದಕ್ಕೆ 4.2 ಲಕ್ಷದಲ್ಲಿ ಪರಿಹಾರವೇ ಇಲ್ಲ. ಪರಿಹಾರ ಇರುವುದು ಕಚೇರಿಯ ಒಳಗೇ ಒಂದು ಪ್ರತಿ ಇಟ್ಟುಕೊಳ್ಳುವುದರಲ್ಲಿ. ಎನ್‌ಪಿಎಂಗೆ ವರ್ಡಾಚಿಯೊ, ಪೈಥಾನ್‌ಗೆ ಡೆವ್‌ಪಿಐ ಎಂಬ ಉಚಿತ ತಂತ್ರಾಂಶಗಳಿವೆ. ಒಂದು ಹಳೆಯ ಕಂಪ್ಯೂಟರ್, ಒಳ್ಳೆಯ ಡಿಸ್ಕ್ ಮತ್ತು ಯುಪಿಎಸ್ ಇದ್ದರೆ ಸಾಕು. ಒಮ್ಮೆ ಯಾರಾದರೂ ಇಳಿಸಿದ ಪ್ಯಾಕೇಜ್ ಅಲ್ಲೇ ಉಳಿಯುತ್ತದೆ, ಮುಂದಿನ ಬಾರಿ ಹೊರಗೆ ಹೋಗಬೇಕಾಗುವುದಿಲ್ಲ.

ಹಾಗಾದರೆ ಎಲ್ಲವೂ ಉಚಿತವಾಗಿ ಆಗುತ್ತದೆ, ಭಾವನೇ ಸರಿ ಎಂದು ತಾವು ತಿಳಿಯಬಾರದು. ಮೇಲಿನ ಎಲ್ಲ ಕೆಲಸಕ್ಕೂ ಒಬ್ಬರ ಸಮಯ ಬೇಕು. ವಾರಕ್ಕೆ ಅರ್ಧ ದಿನ ಸಾಕಾಗುತ್ತದೆ ಎನ್ನುವುದು ನನ್ನ ಅನುಭವ. ತಿಂಗಳ ಸಂಬಳ 50,000 ರೂಪಾಯಿ ಎಂದು ಹಿಡಿದರೆ ಅದರ ಹತ್ತನೆಯ ಒಂದು ಪಾಲು, ಅಂದರೆ ವರ್ಷಕ್ಕೆ 60,000 ರೂಪಾಯಿ. ಪ್ರತಿನಿಧಿಯವರ ಬೆಲೆಯೂ ತಲೆಗೆ ವರ್ಷಕ್ಕೆ 60,000 ಆಗುತ್ತದೆ, ಆದರೆ ಅದು ಏಳು ತಲೆಗೆ. ಲೆಕ್ಕ ಇಷ್ಟಕ್ಕೇ ನಿಂತರೆ ಉತ್ತರ ಸುಲಭ. ಆದರೆ ಕೊಡಗಿನಲ್ಲಿ ಕಲಿತ ಹುಡುಗ ಹುಡುಗಿಯರು ಎರಡು ಮೂರು ವರ್ಷದ ಅನುಭವ ಬಂದೊಡನೆ ಮೈಸೂರಿಗೋ ಬೆಂಗಳೂರಿಗೋ ಹೋಗುತ್ತಾರೆ, ಅವರನ್ನು ತಡೆಯುವುದೂ ನ್ಯಾಯವಲ್ಲ. ನಾನು ಕಂಡ ಒಂದು ಸಂಸ್ಥೆಯಲ್ಲಿ ಇಂಥದ್ದೇ ಒಳಗಿನ ಭಂಡಾರವನ್ನು ಬಹಳ ಚೆನ್ನಾಗಿ ಕಟ್ಟಿದ್ದ ಯುವಕ ಕೆಲಸ ಬಿಟ್ಟು ಹೋದ. ಎಂಟು ತಿಂಗಳ ನಂತರ, ರೋಬಸ್ಟಾ ಕೊಯ್ಲು ಜೋರಾಗಿದ್ದ ಜನವರಿಯಲ್ಲಿ ಡಿಸ್ಕ್ ತುಂಬಿತು. ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ, ಬ್ಯಾಕಪ್ ಎಲ್ಲಿಗೆ ಹೋಗುತ್ತಿದೆ ಎನ್ನುವುದೂ ಗೊತ್ತಿರಲಿಲ್ಲ. ವ್ಯಾಪಾರಿಗಳ ಬಿಲ್ಲಿನಲ್ಲಿದ್ದ ಸಣ್ಣ ತಪ್ಪನ್ನು ತಿದ್ದಿ ಕಳುಹಿಸಲು ಐದು ದಿನ ಹಿಡಿಯಿತು, ಮತ್ತು ಆ ಐದು ದಿನ ಜನ ಕೈಬರಹದ ಚೀಟಿಯಲ್ಲಿ ಕಾಫಿ ತೂಗಿಸಿದರು. ಹಣ ಕೊಟ್ಟು ಕೊಳ್ಳುವ ಸೇವೆಯ ಮುಖ್ಯ ಪ್ರಯೋಜನ ಇಲ್ಲಿದೆ: ತಮ್ಮಲ್ಲಿ ಯಾರು ಬಂದರೂ ಹೋದರೂ ಭಂಡಾರವನ್ನು ನಡೆಸುವವರು ಅಲ್ಲೊಬ್ಬರು ಇರುತ್ತಾರೆ. ತಮ್ಮಲ್ಲಿ ಈ ಕೆಲಸ ಬಲ್ಲವರು ಇಬ್ಬರಾದರೂ ಇರುವಂತೆ ಮಾಡಲು ಸಾಧ್ಯವಿಲ್ಲವೆಂದಾದರೆ, ಹಣ ಕೊಡುವುದೇ ಸರಿಯಾದ ದಾರಿ.

ಇವೆರಡರ ನಡುವೆ ಒಂದು ದಾರಿಯಿದೆ. ತಾವು ಕೋಡ್ ಇಡಲು ಗಿಟ್‌ಹಬ್ ಅಥವಾ ಗಿಟ್‌ಲ್ಯಾಬ್ ಬಳಸುತ್ತಿದ್ದರೆ ಅವುಗಳಲ್ಲೇ ಸ್ವಂತ ಪ್ಯಾಕೇಜ್ ಇಡುವ ಜಾಗವಿದೆ. ಗಿಟ್‌ಹಬ್‌ನ ಡಿಪೆಂಡಬಾಟ್ ದೋಷವಿರುವ ಪ್ಯಾಕೇಜ್‌ಗಳನ್ನು ತಾನಾಗಿ ತಿಳಿಸುತ್ತದೆ. ಸ್ವಂತ ಪ್ಯಾಕೇಜ್‌ಗಳನ್ನು ಅಲ್ಲಿಟ್ಟು, ಹೊರಗಿನವುಗಳ ಪ್ರತಿಯನ್ನು ಮಾತ್ರ ಕಚೇರಿಯಲ್ಲಿ ಇಟ್ಟುಕೊಂಡರೆ ಒಳಗಿನ ಯಂತ್ರ ಕೆಟ್ಟರೂ ಅನಾಹುತವಾಗುವುದಿಲ್ಲ, ಇನ್ನೊಮ್ಮೆ ಇಳಿಸಿಕೊಂಡರಾಯಿತು. ತಮ್ಮ ಗಾತ್ರದ ಸಂಸ್ಥೆಗೆ ನಾನು ಸಾಮಾನ್ಯವಾಗಿ ಹೇಳುವುದು ಇದನ್ನೇ.

ಪೂರ್ಣ ಪಾವತಿ ಸೇವೆಯನ್ನು ಕೊಳ್ಳುವುದಾದರೆ ಬೆಲೆಯ ಹಿಂದಿರುವ ಷರತ್ತುಗಳನ್ನು ಓದಬೇಕು. ವಿದೇಶಿ ಕಂಪನಿಯಿಂದ ನೇರ ಖರೀದಿಯಾದರೆ ಬಿಲ್ ಡಾಲರ್‌ನಲ್ಲಿ ಬರುತ್ತದೆ, ಜಿಎಸ್‌ಟಿ ನೋಂದಣಿಯಿರುವ ತಾವು ರಿವರ್ಸ್ ಚಾರ್ಜ್‌ನಲ್ಲಿ, ಅಂದರೆ ಮಾರುವವರ ಬದಲು ಕೊಳ್ಳುವವರೇ ಕಟ್ಟುವ ಪದ್ಧತಿಯಲ್ಲಿ, ಶೇ 18 ತೆರಿಗೆಯನ್ನು ಮೊದಲು ನಗದಾಗಿ ಕಟ್ಟಿ ಆಮೇಲೆ ಇನ್‌ಪುಟ್ ಕ್ರೆಡಿಟ್ ಪಡೆಯಬೇಕು. ದರವನ್ನು ತಲೆಲೆಕ್ಕದಲ್ಲಿ ಹಾಕುತ್ತಾರೋ, ಸಂಗ್ರಹ ಮತ್ತು ಡೇಟಾ ವರ್ಗಾವಣೆಯ ಲೆಕ್ಕದಲ್ಲೋ ಎಂದು ಲಿಖಿತವಾಗಿ ಕೇಳಬೇಕು, ಏಕೆಂದರೆ ಎರಡನೆಯ ಬಗೆಯಲ್ಲಿ ಸ್ವಯಂಚಾಲಿತ ಬಿಲ್ಡ್‌ಗಳು ದಿನಕ್ಕೆ ಹತ್ತಾರು ಬಾರಿ ಓಡಿ ಬಿಲ್ಲನ್ನು ಏರಿಸುತ್ತವೆ. ಸೇವೆ ಬಿಡುವಾಗ ನಮ್ಮ ಪ್ಯಾಕೇಜ್‌ಗಳನ್ನೆಲ್ಲ ಹೊರಗೆ ತರಬಹುದೇ ಎನ್ನುವುದನ್ನೂ ಮೊದಲೇ ನೋಡಬೇಕು. ಷರತ್ತುಗಳು ಮಧ್ಯದಲ್ಲಿ ಬದಲಾಗುವುದೂ ಇದೆ. ಅನಕೊಂಡಾ ಪೈಥಾನ್ ಭಂಡಾರ 2020ರಲ್ಲಿ, ಡಾಕರ್ ಡೆಸ್ಕ್‌ಟಾಪ್ 2021ರಲ್ಲಿ, ಅಲ್ಲಿಯವರೆಗೆ ಉಚಿತವಾಗಿ ಬಳಸುತ್ತಿದ್ದ ದೊಡ್ಡ ಸಂಸ್ಥೆಗಳು ಹಣ ಕೊಡಬೇಕೆಂದು ನಿಯಮ ಬದಲಿಸಿದವು. ತಮ್ಮ ಗಾತ್ರಕ್ಕೆ ಅವು ತಗುಲಲಿಲ್ಲ, ಆದರೆ ತಮ್ಮ ತಂತ್ರಾಂಶವನ್ನು ದೊಡ್ಡ ಗ್ರಾಹಕರ ಕಚೇರಿಯಲ್ಲಿ ಸ್ಥಾಪಿಸುವಾಗ ಅವರಿಗೆ ತಗುಲಬಹುದು.

ಹೋಂಸ್ಟೇ ಬುಕಿಂಗ್ ವ್ಯವಸ್ಥೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಅದರಲ್ಲಿ ಅತಿಥಿಗಳ ಫೋನ್ ಸಂಖ್ಯೆ, ಗುರುತಿನ ಚೀಟಿಯ ವಿವರಗಳು ಇರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ತಕ್ಕ ರಕ್ಷಣೆ ಒದಗಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ಪಾವತಿ ಸೇವೆ ಕೊಂಡರೆ ಈ ಹೊಣೆ ಆ ಕಂಪನಿಗೆ ವರ್ಗವಾಗುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಹಾಗೆ ಆಗುವುದಿಲ್ಲ. ಕಾಯ್ದೆ ಮೊದಲು ಹಿಡಿಯುವುದು ಹೋಂಸ್ಟೇ ಮಾಲೀಕರನ್ನು, ಅವರು ಒಪ್ಪಂದದ ಮೂಲಕ ತಮ್ಮನ್ನು ಹಿಡಿಯುತ್ತಾರೆ. ಹಾಗಾಗಿ ದೋಷದ ಎಚ್ಚರಿಕೆ ಬಂದಾಗ ಅದನ್ನು ಯಾರು ಓದುತ್ತಾರೆ, ಎಷ್ಟು ದಿನದೊಳಗೆ ಸರಿಪಡಿಸುತ್ತಾರೆ ಎನ್ನುವುದನ್ನು ಈ ವ್ಯವಸ್ಥೆಗಾದರೂ ಕಾಗದದಲ್ಲಿ ಬರೆದಿಡಿ.

ಪತ್ರದಲ್ಲಿ ಇಲ್ಲದ ಒಂದು ವಿಷಯವನ್ನೂ ಕೇಳುತ್ತೇನೆ. ಕ್ಯೂರಿಂಗ್ ವರ್ಕ್ಸ್‌ಗಳಲ್ಲಿರುವ ಸರ್ವರ್‌ಗಳು ಯಾವ ಲಿನಕ್ಸ್‌ನಲ್ಲಿ ಓಡುತ್ತಿವೆ? ಸೆಂಟ್‌ಒಎಸ್ 7 ಆಗಿದ್ದರೆ ಅದಕ್ಕೆ ದೋಷ ತಿದ್ದುವ ಪ್ಯಾಚ್ ಬರುವುದು 2024ರ ಜೂನ್ 30ಕ್ಕೇ ನಿಂತಿದೆ. ಅದನ್ನು ಆಲ್ಮಾ ಅಥವಾ ರಾಕಿ ಲಿನಕ್ಸ್‌ಗೆ ಬದಲಿಸಬಹುದು, ಇವು ಉಚಿತ. ಕೂಡಲೇ ಬದಲಿಸಲು ಆಗದ ಹಳೆಯ ಯಂತ್ರವಾದರೆ ಹಣ ಕೊಟ್ಟು ದೀರ್ಘಾವಧಿಯ ಬೆಂಬಲ ಪಡೆಯುವುದು ಖಂಡಿತ ಸಾರ್ಥಕ. ತಾವು ಒಂದೇ ಒಂದು ಕಡೆ ಹಣ ಖರ್ಚು ಮಾಡುವುದಾದರೆ ನಾನು ಮೊದಲು ಇಲ್ಲಿ ಮಾಡಿ ಎನ್ನುತ್ತೇನೆ.

ಒಟ್ಟಿನಲ್ಲಿ ತಮ್ಮ ಈಗಿನ ಸ್ಥಿತಿಗೆ 4.2 ಲಕ್ಷದ ಸೇವೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಕೋಡ್ ಬರೆಯುವವರು ಇಪ್ಪತ್ತು ದಾಟಿದರೆ, ಗ್ರಾಹಕರು ಯಾರು ಯಾವ ಪ್ಯಾಕೇಜನ್ನು ಯಾವಾಗ ಒಳತಂದರು ಎಂಬ ದಾಖಲೆಯನ್ನು ಒಪ್ಪಂದದಲ್ಲೇ ಕೇಳಿದರೆ, ಅಥವಾ ಇಬ್ಬರನ್ನು ಈ ಕೆಲಸಕ್ಕೆ ತಯಾರು ಮಾಡುವ ಪ್ರಯತ್ನ ಒಂದು ವರ್ಷದಲ್ಲಿ ಫಲಿಸದಿದ್ದರೆ ಪ್ರತಿನಿಧಿಯವರನ್ನು ಮತ್ತೆ ಕರೆಯಿರಿ. ಬದಲಾವಣೆಗಳನ್ನು ಕೊಯ್ಲಿನ ತಿಂಗಳುಗಳಲ್ಲಿ ಮಾಡಬೇಡಿ. ಏಪ್ರಿಲ್‌ನಲ್ಲಿ ಶುರುಮಾಡಿದರೆ ಮಳೆ ಹಿಡಿಯುವ ಮೊದಲು ಮುಗಿಯುತ್ತದೆ. ಮುಗಿದ ಮೇಲೆ ಒಂದು ಮಧ್ಯಾಹ್ನ ಕಚೇರಿಯ ಇಂಟರ್ನೆಟ್ ಕೇಬಲ್ ಕಳಚಿಟ್ಟು, ಪ್ಯಾಕೇಜ್‌ಗಳೇ ಇಲ್ಲದ ಕಂಪ್ಯೂಟರ್ ಒಂದನ್ನು ಒಳಗಿನ ಭಂಡಾರಕ್ಕೆ ಮಾತ್ರ ಜೋಡಿಸಿ, ಮೂರೂ ತಂತ್ರಾಂಶಗಳನ್ನು ಮೊದಲಿನಿಂದ ಬಿಲ್ಡ್ ಮಾಡಿ ನೋಡಿ. ಆ ಕೆಲಸವನ್ನು ಭಂಡಾರ ಕಟ್ಟಿದವರಿಂದ ಮಾಡಿಸದೆ ಎರಡನೆಯವರ ಕೈಯಿಂದಲೇ ಮಾಡಿಸಿ.